ಅರ್ಜಿಯ ಮೂರನೇ ಸಾಲು

ಮೇಲುಕೋಟೆಗೆ ಹೋಗೋಣ ಅಂದೆ.
ತಟ್ಟೆಯಿಂದ ತಲೆ ಎತ್ತದೆ ಅಂದ:
'ದಿನಾ ಎರಡು ಸಲ ಹೋಯ್ತೀನಲ್ಲ ಕಣಮ್ಮಿ,
ಅಲ್ಲೇನೈತೆ ನೋಡಕೆ?'

ನೀನು ಏನು ನೋಡಿದ್ದೀಯ, ಹೇಳು.
ಲೆಕ್ಕ ಹಾಕಿದ:
ಬಸ್‌ಸ್ಟ್ಯಾಂಡು.
ಹಿಂದಕ್ಕೆ ತಿರುಗಿಸುವಾಗ ಅಡ್ಡ ಬರುವ ಕರೆಂಟು ಕಂಬ.
ಚಾ ಅಂಗಡಿ, ಅದರ ಮುರುಕು ಬೆಂಚು.
ಜಕ್ಕನಹಳ್ಳಿ ದಾಟಿದ ಮೇಲೆ
ಏರಿನಲ್ಲಿ ಗಾಡಿ ಎರಡನೇ ಗೇರು ಕೇಳುವ ಜಾಗ.
ಮತ್ತೆ?
ಮತ್ತೆ ಬೆರಳು ನೆಕ್ಕಿದ.

ಒಂಬತ್ತು ವರ್ಷದಲ್ಲಿ ಈ ಮನುಷ್ಯ
ಬೆಟ್ಟದ ಒಂದು ಮೆಟ್ಟಿಲೂ ಹತ್ತಿಲ್ಲ.
ಕಲ್ಯಾಣಿ ಯಾವ ಕಡೆ ಅಂದರೆ
'ಜನ ಇಳಿದು ಎಲ್ಲಿಗೋ ಹೋಯ್ತರೆ, ಅತ್ಲಾಗೆ' ಅನ್ನುತ್ತಾನೆ.

ಕ್ಯಾಲೆಂಡರಿನ ಹೋದ ತಿಂಗಳ ಹಾಳೆ ಹರಿದು
ಬೆನ್ನಿನ ಮೇಲೆ ಬರೆಯಲು ಕೂತೆ.
ನನಗೆ ಟಿಕೆಟ್ಟಿನ ದುಡ್ಡಿಲ್ಲ, ಅವನಿಗೆ ಪಾಸು.
ಪ್ರಯಾಣದ ಖರ್ಚು ಸೊನ್ನೆ ಅಂತ ಬರೆದು
ಆ ಸೊನ್ನೆಯನ್ನು ಇನ್ನೊಮ್ಮೆ ತಿದ್ದಿದೆ, ಚೆನ್ನಾಗಿತ್ತು.
ರೂಮಿಗೆ ಏಳುನೂರು. ಇಬ್ಬರ ಆಧಾರೂ ಬೇಕಂತೆ.
ಅದರಲ್ಲಿ ನಾನಿನ್ನೂ
ಕೀಲಾರದ ಕರಿಗೌಡರ ಮಗಳು ಸರ್ವಮಂಗಳ.
'ಯಾರೀ ಹೆಂಗಸು ಅಂದ್ರೆ ಏನಂತ ಹೇಳ್ಲಿ?' ಅಂದ.
ನೆತ್ತಿಗೇರುವಷ್ಟು ನಕ್ಕೆವು.

ಹಂಸಿಕ ಮದ್ದೂರಿಗೆ, ಚಿಕ್ಕಮ್ಮನ ಮನೆಗೆ.
'ನಾನ್ಯಾಕ್ ಬ್ಯಾಡ?' ಅಂದಳು.
ಉತ್ತರಕ್ಕೆ ಹಾಳೆಯಲ್ಲಿ ಜಾಗ ಬಿಟ್ಟಿದ್ದೇನೆ.

ಮಂಗಳವಾರ ಸಂಜೆ ಹೊರಡುವುದು,
ಗುರುವಾರ ಮಧ್ಯಾಹ್ನ ವಾಪಸು.
ಕಿಟಕಿ ಪಕ್ಕ ಅವನು, ಅವನ ಪಕ್ಕ ನಾನು.
'ಶಿವಲಿಂಗು ಡ್ಯೂಟಿ ಇದ್ರೆ ಬ್ಯಾಡ,
ಅಂವ ತಿರುವಲ್ಲಿ ಹಾರನ್ ಹೊಡೆಯಕಿಲ್ಲ.'
ದಾರಿಯುದ್ದಕ್ಕೂ ಇಲ್ಲದ ಬ್ರೇಕು ಅದುಮುತ್ತಾನೆ, ಗೊತ್ತು.
ಅದುಮಲಿ.
ಆ ಕಾಲಿನ ಮೇಲೆ ಚೀಲ ಇಟ್ಟುಬಿಡುತ್ತೇನೆ.

ಬೆಳಗ್ಗೆ ಪುಳಿಯೋಗರೆ, ಎಲೆಯಲ್ಲಿ.
ಎರಡು ದಿನ ಬಾಡಿಲ್ಲ, ಇದನ್ನಿನ್ನೂ ಅವನಿಗೆ ಹೇಳಿಲ್ಲ.
ನನ್ನ ಹೊಲಿಗೆ ಮಿಷನ್ನಿನ ಸದ್ದು ಬಿಟ್ಟು
ಪಂಚೆ ನೇಯುವವರ ಮಗ್ಗದ ಸದ್ದಿಗೆ
ಯಾವುದೋ ಜಗಲಿಯ ಮೇಲೆ ಕೂರಬೇಕು.
ಕೊಳಗಳಲ್ಲಿ ಅಕ್ಕ ಯಾವುದು ತಂಗಿ ಯಾವುದು ಅಂತ
ಸಣ್ಣದೊಂದು ಜಗಳ ಆಡಬೇಕು.
ಆಮೇಲೆ ಏದುಸಿರು ಬಿಡುತ್ತ ಬೆಟ್ಟ ಹತ್ತಿ
ಅಲ್ಲಿಂದ ಬಸ್‌ಸ್ಟ್ಯಾಂಡು ಹುಡುಕಬೇಕು,
ಬೆಂಕಿಪೊಟ್ಟಣದಷ್ಟು ಬಸ್ಸೊಂದನ್ನು
ಯಾರೋ ಹಿಂದಕ್ಕೆ ತಿರುಗಿಸುತ್ತ
ಕಂಬ ತಪ್ಪಿಸುವುದನ್ನು
ಅವನು ನೋಡುವುದನ್ನು ನೋಡಬೇಕು.

ಈಗ ರಜೆ ಅರ್ಜಿ ಹರಡಿಕೊಂಡಿದ್ದಾನೆ.
ಮೂರನೇ ಸಾಲು: ಕಾರಣ.
ಜ್ವರ ಬರೆದಿದ್ದಾನೆ ಹಿಂದೆ, ಅವ್ವನ ತಿಥಿ,
ಮಗಳ ಕಿವಿ ಚುಚ್ಚುವುದು,
ಎರಡು ಸಲ, ಗಟ್ಟಿಮುಟ್ಟಾಗಿರುವ ಸೋದರಮಾವನ ಸಾವು.
ಹೆಂಡತಿ ಜೊತೆ ಸುಮ್ಮನೆ ಅನ್ನುವುದಕ್ಕೆ
ಡಿಪೋದಲ್ಲಿ ಪದ ಇಲ್ಲವಂತೆ.

ರಜೆಯಲ್ಲಿ ಸಿಗುವ ವಿಳಾಸ ಅನ್ನುವಲ್ಲಿ
ಮೇಲುಕೋಟೆ ಎಂದು ದಪ್ಪಗೆ ಬರೆದು
'ಕ್ಲಾರ್ಕು ನಗ್ತನೆ' ಅಂದ.
ಮೂರನೇ ಸಾಲು ಹಾಗೇ ಬಿಟ್ಟು
ಪೆನ್ನನ್ನು ನನ್ನ ಕಡೆ ನೂಕಿದ.

'ನೀನೇ ಬರಿ.
ನಿನ್ನಕ್ಷರ ಅವನಿಗೆ ಗೊತ್ತಿಲ್ಲ.'