ಎಡಗಾಲು

ಹಾರಂಗಿ ಹಿನ್ನೀರು, ಹೇರೂರಿನ ದಡ.
ಮಗುಚಿಟ್ಟ ದೋಣಿಯನ್ನು
ಹಲಸಿನಕಾಯಿ ನೋಡುವಂತೆ ಬಡಿದು ನೋಡಿದೆ.
ನನಗೆ ಗೊತ್ತಿದ್ದ ಪರೀಕ್ಷೆ ಅದೊಂದೇ.

"ಎಂಜಿನ್ನು ಉಪ್ಪುನೀರು ಕಂಡಿದ್ದೇ ಇಲ್ಲ," ಅಂದ ಮೊಯ್ದು.
"ಅರುವತ್ತು ಸಾವಿರ. ಕಡೇ ಮಾತು."

ನೀರಿಗಿಳಿಸಿ ಹಗ್ಗ ಎಳೆದ, ಮೂರು ಸಲ.
ನಾಲ್ಕಕ್ಕೆ ಕೆಮ್ಮಿ,
ಅತ್ತೆಮನೆಯಲ್ಲಿ ಮಲಗಿದ ಅಳಿಯನ ಹಾಗೆ
ನಿಧಾನಕ್ಕೆ ಎದ್ದಿತು.

ನಡುನೀರಿನವರೆಗೂ ಹೋಗಿಬಂದೆವು.
ಮೊಯ್ದು ತಿರುಗಿದ, ಬಾಗಿದ, ಚುಕ್ಕಾಣಿ ನನಗೇ ಕೊಟ್ಟ;
ಎಡಗಾಲು ಮಾತ್ರ
ಇಟ್ಟಲ್ಲಿಂದ ಎತ್ತಲಿಲ್ಲ.

ದಡಕ್ಕೆ ಬಂದು ಕೇಳಿದೆ:
"ಆ ಕಾಲಿಗೆ ಎಷ್ಟು ಬಿಡ್ತೀಯ?"
ಅವನು ನೀರು ನೋಡಿದ.
ಹದಿನೆಂಟು ಸಾವಿರ ಇಳಿಯಿತು.

ಬಿರುಕಿಗೆ ಎರಡು ಸಲ ಅಂಟು ಮೆತ್ತಿದ್ದೇನೆ.
ಆದರೂ ಬಲೆ ಎಳೆಯುವಾಗ
ನನ್ನ ಎಡಗಾಲು ತಾನಾಗಿ
ಅಲ್ಲೇ ಹೋಗಿ ನಿಲ್ಲುತ್ತದೆ,
ಒದ್ದೆಯಾಗಿ.