ಮೆಲ್ಲಗೆ

ಬ್ಯಾಲರಟ್ಟಿನಲ್ಲಿ ಜುಲೈ ಎಂದರೆ
ಕಾರಿನ ಗಾಜಿನ ಮೇಲಿನ ಮಂಜು ಕೆರೆದು ಹೊರಡುವ ತಿಂಗಳು.
ಎರಡನೇ ಶನಿವಾರ ಅದನ್ನು ತಂದೆವು.
ವಯಸ್ಸು ನಾಲ್ಕು, ರೇಸಿನಿಂದ ನಿವೃತ್ತಿ,
ಕಿವಿಯೊಳಗೆ ಹಸಿರು ಹಚ್ಚೆ,
ಕಾಗದದಲ್ಲಿ ಸಿಡಿಲಿನಂಥದೊಂದು ಹೆಸರು.
ಕರೆದರೆ ನೆಲಕ್ಕೆ ಅಂಟಿಕೊಳ್ಳುತ್ತಿತ್ತು.
ಹೆಸರನ್ನು ಕಾಗದದಲ್ಲೇ ಬಿಟ್ಟೆವು.

ಗಂಟೆಗೆ ಅರವತ್ತು ಕಿಲೋಮೀಟರ್ ಓಡಿದ ಕಾಲು
ಅಡುಗೆಮನೆಯ ಟೈಲ್ಸ್ ಮೇಲೆ ನಡುಗುತ್ತದೆ.
ಮೆಟ್ಟಿಲು ಅಂದರೇನೆಂದು ಗೊತ್ತಿಲ್ಲ.
ಗಾಜಿನ ಬಾಗಿಲನ್ನು ಬಯಲೆಂದು ನಂಬಿ
ಮೊದಲ ದಿನವೇ ಮೂತಿ ಜಜ್ಜಿಕೊಂಡಿತು.
ಆಮೇಲೆ ವಾಷಿಂಗ್ ಮಷೀನಿನ ಹಿಂದೆ, ಮೂರು ದಿನ.
ನಾನೂ ಮೂರು ದಿನ ಬಟ್ಟೆ ಒಗೆಯಲಿಲ್ಲ.

ನಾಲ್ಕನೇ ದಿನ ಮರೆತು ಕುಕ್ಕರ್ ಇಟ್ಟೆ.
ಮೊದಲ ವಿಷಲ್ಲಿಗೆ ಮಷೀನಿನ ಅಡಿಯಿಂದ
ಬೆಚ್ಚಗಿನ ಉಚ್ಚೆ ಹರಿದು ಬಂತು.
ಎರಡನೆಯದು ಕೂಗಲು ಬಿಡಲಿಲ್ಲ.
ಅಂದಿನಿಂದ ತೊಗರಿಬೇಳೆ ತೆರೆದ ಪಾತ್ರೆಯಲ್ಲಿ.
'ಬೇಳೆ ಹಲ್ಲಿಗೆ ಸಿಗುತ್ತಿದೆ' ಅಂದರು ಭೂಷಣ.
ಸಿಗಲಿ, ಅಂದೆ.

ಕಣ್ಣಲ್ಲಿ ಕಣ್ಣಿಟ್ಟು ನೋಡಬೇಡಿ, ಮೇಲೆ ಬಾಗಬೇಡಿ,
ಎಂದಿದ್ದಳು ನಾಯಿ ಕೊಟ್ಟ ಲಿನೆಟ್.
ಹಾಗಾಗಿ ರಾತ್ರಿ ಪಾತ್ರೆ ತೊಳೆದ ಮೇಲೆ
ಬೆನ್ನು ಮಾಡಿ ನೆಲದಲ್ಲಿ ಕೂತು ಮಾತಾಡುತ್ತಿದ್ದೆ.
ಇಂಗ್ಲಿಷಿನಲ್ಲಿ ಅದು ಏನೇನು ಕೇಳಿದೆಯೋ,
ಕನ್ನಡದಲ್ಲಿ ಅದನ್ನು ಯಾರೂ ಗದರಿಲ್ಲ.
ಕರೆಂಟ್ ಬಿಲ್ಲಿನ ಬಗ್ಗೆ ಹೇಳಿದೆ.
ಮಾತು ಮುಗಿದಾಗ ಮಗ್ಗಿ ಹೇಳಿದೆ:
ಹದಿಮೂರೊಂದ್ಲ ಹದಿಮೂರು,
ಹದಿಮೂರೆರಡ್ಲ ಇಪ್ಪತ್ತಾರು...
ಹದಿಮೂರೇಳಕ್ಕೆ ತಡವರಿಸಿದೆ, ಯಾವತ್ತಿನಂತೆ.
ಹಿಂದಕ್ಕೆ ಚಾಚಿದ ಅಂಗೈಯಿಂದ
ಕೋಳಿಯ ಚೂರು ಮಾಯವಾಯಿತು.
ತಿರುಗಲಿಲ್ಲ. ಬೆರಳು ಒದ್ದೆಯಾಗಿತ್ತು.

ಆ ದಿನಗಳಲ್ಲಿ ಮನೆಯಲ್ಲಿ ಒಂದೇ ಮಾತು.
ಬಾಗಿಲಿಗೆ, ಚಮಚಕ್ಕೆ, ಭೂಷಣರ ಸೀನಿಗೆ: ಮೆಲ್ಲಗೆ.
ಗುರುವಾರ ಮೇದಿನಿ ಸ್ಕೂಲಿನಿಂದ ಬಂದವಳೇ
ಬ್ಯಾಗನ್ನು ದಢಾರನೆ ಎಸೆದಳು.
'ಮೆಲ್ಲಗೆ!' ಅಂದೆ.
ಮಷೀನಿನ ಹಿಂದಿನಿಂದ ಉದ್ದನೆಯ ಮೂತಿಯೊಂದು,
ಒಂದು ಕಿವಿ ನಿಮಿರಿ, ಒಂದು ಜೋತು,
ಕರೆದಿರಾ ಎಂಬಂತೆ ಹೊರಬಂತು.

ಕ್ಲಿನಿಕ್ಕಿನ ಹುಡುಗಿ ಸ್ಪೆಲಿಂಗ್ ಕೇಳಿ
ತಪ್ಪಾಗಿಯೇ ಬರೆದುಕೊಂಡಳು.
ಇರಲಿ, ಅವಳ ಹೆಸರು ಈಗ ಅದೇ.

ಎಲ್ಲ ಸರಿಹೋಯಿತೆಂದಲ್ಲ.
ಮಂಗಳವಾರ ಕಸದ ಲಾರಿ ಬಂದರೆ
ಇವತ್ತಿಗೂ ಗೋಡೆಯೊಳಗೆ ಹೋಗಲು ನೋಡುತ್ತಾಳೆ.
ನಮ್ಮನ್ನು ಮರೆತು ನಿದ್ದೆಯಲ್ಲಿ ಓಡುತ್ತಾಳೆ.
ಯಾವುದರ ಹಿಂದೆಯೋ, ಯಾವುದಕ್ಕೆ ಹೆದರಿಯೋ,
ಕೇಳುವ ಹಾಗಿಲ್ಲ.

ನಿನ್ನೆ ರಾತ್ರಿ ಎರಡಕ್ಕೆ ನೀರು ಕುಡಿಯಲು ಎದ್ದರೆ
ಮೆಟ್ಟಿಲ ಮೇಲೆ ನಿಂತಿದ್ದಾಳೆ.
ಮುಂಗಾಲು ಮೂರನೆಯದರಲ್ಲಿ, ಹಿಂಗಾಲು ನೆಲದಲ್ಲಿ,
ಹತ್ತಲೂ ಬರದು, ಇಳಿಯಲೂ ಬರದು,
ಕಂಬಿಯ ನೆರಳಿನ ಜೊತೆ ಅವಳ ನೆರಳೂ ನಡುಗುತ್ತಿದೆ.
ದೀಪ ಹಾಕಲಿಲ್ಲ.
ಐದನೆಯದರ ಮೇಲೆ ಪಕ್ಕಕ್ಕೆ ತಿರುಗಿ ಕೂತೆ.
ತಣ್ಣಗೆ ಕೊರೆಯುವ ಹಲಗೆ.
ಹದಿಮೂರೊಂದ್ಲ ಹದಿಮೂರು.