ಷರಾ

ಶಿವಾಜಿನಗರದ ಗಚ್ಚಿನ ಮೇಲೆ ಫೆಬ್ರವರಿಯ ಬೆಳಗು,
ಮೋಡದ ಒಂದು ಚೂರೂ ಇಲ್ಲ. ಇಂಥ ದಿನವೇ
ಥತ್ತೆಯವರು ಕಬ್ಬಿಣದ ಕಪಾಟಿನ ಕೀಲಿ ತೆಗೆಯುವುದು.

ಮರದ ಪೆಟ್ಟಿಗೆ, ಒಳಗೆ ಮಖಮಲ್ಲು,
ಮಖಮಲ್ಲಿನಲ್ಲಿ ಮಲಗಿದ ಹಿತ್ತಾಳೆಯ ಕೊಳವೆ.
ನಮ್ಮ ಬಿಸಿಲಿಗೆಲ್ಲ ಇದೇ ಸೇರು, ಇದೇ ಪಾವು.
ವರ್ಷಕ್ಕೆ ಹತ್ತೋ ಹನ್ನೆರಡೋ ದಿನ ಹೊರಗೆ,
ಉಳಿದಂತೆ ಕತ್ತಲಲ್ಲಿ.
"ಬಿಸಿಲು ಜಾಸ್ತಿ ಕಂಡದ್ದರ ಮಾತು ನಂಬಬಾರದು, ಪೋರಿ,
ಕಪ್ಪು ಮಾಸುತ್ತದೆ."

ಪಣಜಿಯದು ಬಂದಿದೆ, ಉಪ್ಪುಗಾಳಿಗೆ ತಿರುಪು ಹಸಿರಾಗಿ.
ಕೊಲಾಬಾದ್ದು ರೈಲಿನಲ್ಲಿ, ಯಾರದೋ ತೊಡೆಯ ಮೇಲೆ ಕೂತು.
ಸಾಲಾಗಿ ನಿಲ್ಲಿಸಿ ಎಲ್ಲದರ ಮುಖ ಒಂದೇ ಕಡೆ ತಿರುಗಿಸಿದೆವು.

ಕೊಳವೆಯ ತಳದಲ್ಲಿ ಎರಡು ಪಟ್ಟಿ,
ಈರುಳ್ಳಿ ಸಿಪ್ಪೆಯಷ್ಟು ತೆಳು, ಕಾಡಿಗೆ ಕಪ್ಪು.
ಒಂದಕ್ಕೆ ಬಿಸಿಲು. ಇನ್ನೊಂದಕ್ಕೆ ನೆರಳು.
ನೆರಳಿನದಕ್ಕೆ ಕರೆಂಟು ಹರಿಸಬೇಕು, ಹನಿ ಹನಿಯಾಗಿ,
ಅದೂ ಬಿಸಿಲಿನದರಷ್ಟೇ ಕಾಯುವವರೆಗೆ,
ನಡುವಿನ ಮುಳ್ಳು ಸೊನ್ನೆಗೆ ಬಂದು ಸುಮ್ಮನಾಗುವವರೆಗೆ.
ಆಗ, ನೆರಳಿಗೆ ಕೊಟ್ಟದ್ದನ್ನು ಲೆಕ್ಕ ಹಾಕಿದರೆ
ಬಿಸಿಲು ಎಷ್ಟಿತ್ತೆಂದು ತಿಳಿಯುತ್ತದೆ.

ಡಾವೀ, ಎಂದರು. ಎಡ, ಬರೆದೆ.
ಉಜವೀ, ಎಂದರು. ಬಲ, ಬರೆದೆ.
ಮತ್ತೆ ಡಾವೀ.
ಅವರ ಏಕೋಣಐಂಶೀ ನನ್ನೊಳಗೆ ಎಪ್ಪತ್ತೊಂಬತ್ತಾಗಿ
ಆಮೇಲೆ ಚೌಕದಲ್ಲಿ ಎರಡು ಅಂಕಿಯಾಗಿ ಬೀಳುವಷ್ಟರಲ್ಲಿ
ಸೂರ್ಯ ಕೂದಲೆಳೆಯಷ್ಟು ಸರಿದಿರುತ್ತಾನೆ.

ಗುರಿ ಹಿಡಿಯುವಾಗ ಯಾರೂ ಮೇಲೆ ನೋಡುವುದಿಲ್ಲ.
ಸೂಜಿತೂತಿನಿಂದ ಇಳಿದ ಸಾಸಿವೆಯಷ್ಟು ಬೆಳಕು
ಬಿಲ್ಲೆಯ ಚುಕ್ಕೆಯ ಮೇಲೆ ಕೂತರೆ ಸಾಕು.
"ಮೂವತ್ತೊಂದು ವರ್ಷ ಅಳೆದೆ," ಅಂದರು ಚಹಾ ಊದುತ್ತ,
"ಒಂದು ಸಲವೂ ಮುಖ ನೋಡಿಲ್ಲ."
ಮಾರ್ಚಿ ಕೊನೆಗೆ ನಿವೃತ್ತಿ. ಕೀಲಿ ನನಗಂತೆ.

ಇದೇ ಹೊತ್ತಿಗೆ ನಾರಾಯಣ ಪೇಟೆಯ ಮಾಳಿಗೆಯಲ್ಲಿ
ಕುಸುಮಕಾಕು ಹಳೆಯ ಪಂಚೆಯ ಮೇಲೆ ಹರವಿರುತ್ತಾರೆ
ತಮ್ಮ ಕುರ್ಡೈ, ನಮ್ಮ ಕುರಡಗಿ.
ಒಂದು ಎಳೆ ಕಿವಿಯ ಹತ್ತಿರ ಹಿಡಿದು ಮುರಿದು
ಟಕ್ ಎಂದರೆ ಬಿಸಿಲು ಸರಿ ಇದೆ.
ನಮ್ಮ ಪೆಟ್ಟಿಗೆಯೋ, ಐದು ವರ್ಷಕ್ಕೊಮ್ಮೆ ವಿಮಾನ ಹತ್ತಿ
ಸ್ವಿಸ್ ಬೆಟ್ಟದ ಊರಿಗೆ ಹೋಗಿ
ತನ್ನಂಥವರ ನಡುವೆ ನಿಂತು ತಾಳೆ ನೋಡಿಸಿಕೊಂಡು ಬರಬೇಕು.

ಹನ್ನೊಂದು ನಲವತ್ತಕ್ಕೆ
ಮುಳ್ಳು ಸೊನ್ನೆ ಬಿಟ್ಟು ಒಂದೇ ಏಟಿಗೆ ಆಚೆ ಬಿತ್ತು.
ಮೋಡವಿಲ್ಲ, ಹೊಗೆಯಿಲ್ಲ. ತಂತಿ ಮುಟ್ಟಿ ನೋಡಿದೆ, ಬ್ಯಾಟರಿ ಮುಟ್ಟಿ ನೋಡಿದೆ.
ಥತ್ತೆಯವರು ನೆಲ ನೋಡುತ್ತಿದ್ದರು:
ರೆಕ್ಕೆಯ ನೆರಳೊಂದು ಗಚ್ಚಿನ ಮೇಲೆ ಜಾರಿ
ನೀರಿನ ಟಾಕಿ ಹತ್ತಿ ಹೋಯಿತು.
"ಹೊಡೆದುಹಾಕಬೇಡ. ಷರಾ ಕಾಲಮಿನಲ್ಲಿ ಬರೆ."

ಹದ್ದು, ಎಂದು ಬರೆದೆ, ಅವಸರದಲ್ಲಿ, ಕನ್ನಡದಲ್ಲೇ.
ಓದಲು ಬಾರದೆ ನಕ್ಕು, ಕೆಳಗೆ ಸಹಿ ಹಾಕಿದರು.

ಸಂಜೆ ಎಲ್ಲ ಕೂಡಿಸಿದಾಗ
ಸಾವಿರಕ್ಕೆ ಮೂರರಷ್ಟು ಅನುಮಾನ ಉಳಿಯಿತು.
ಏನು ಮಾಡಿದರೂ ಅಷ್ಟು ಉಳಿಯುತ್ತದೆ.
ಕೊಳವೆ ಒರೆಸಿ ಮಖಮಲ್ಲಿನಲ್ಲಿಟ್ಟೆ, ಇನ್ನೂ ಬೆಚ್ಚಗಿತ್ತು.
ಕಪಾಟಿನ ಬಾಗಿಲು ನಾನೇ ಹಾಕಿದೆ.
ಕೀಲಿ ತಿರುಗಿಸಿದ್ದು ಮಾತ್ರ ಅವರು.